ಸಣ್ಣ ದನಿ, ದಪ್ಪ ದನಿ

ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಗಾಜಿನ ಗ್ಲಾಸು ಇಟ್ಟಿದ್ದೆ. ಒಂದರಲ್ಲಿ ಎರಡು ಬೆರಳಿನಷ್ಟು ನೀರು, ಇನ್ನೊಂದರಲ್ಲಿ ಕಂಠಮಟ. ಚಮಚದಿಂದ ಒಂದೊಂದರ ಅಂಚನ್ನೂ ಮೆಲ್ಲಗೆ ತಟ್ಟಿ, “ಯಾವ ದನಿ ಮ್ಯಾಲೈತಿ?” ಎಂದು ಕೇಳಿದೆ.

ತಂಗಿಯ ಮಗಳು ತುಂಬಿದ ಗ್ಲಾಸನ್ನು ತೋರಿಸಿದಳು. ತಮ್ಮನ ಮಗ ತುಸು ಹೊತ್ತು ಕಿವಿಗೊಟ್ಟು ಕೇಳಿ, “ಎರಡೂ ಅಷ್ಟ ಜೋರ ಅದಾವಲ್ಲ, ದೊಡ್ಡಪ್ಪಾ” ಅಂದ. ಇಬ್ಬರಿಗೂ ಹತ್ತು ವರ್ಷ. ಇಬ್ಬರ ಉತ್ತರವೂ ತಪ್ಪು. ಗ್ಲಾಸನ್ನು ತಟ್ಟಿದಾಗ ಅದುರುವುದು ಗಾಜಿನ ಗೋಡೆ. ನೀರು ಹೆಚ್ಚಿದಷ್ಟೂ ಆ ಗೋಡೆ ತನ್ನ ಜೊತೆ ಅಲ್ಲಾಡಿಸಬೇಕಾದ ಭಾರ ಹೆಚ್ಚುತ್ತದೆ, ಅದುರುವಿಕೆ ನಿಧಾನವಾಗುತ್ತದೆ, ಸ್ವರ ಇಳಿಯುತ್ತದೆ. ಬಾಗಿಲಲ್ಲಿ ನಿಂತಿದ್ದ ತಂಗಿಯ ಮುಖ ಬಾಡಿತು.

ಮಕ್ಕಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಪ್ರಶ್ನೆಯನ್ನು ಬದಲಿಸಿದೆ. “ಯಾವುದು ಸಣ್ಣ ದನಿ, ಯಾವುದು ದಪ್ಪ ದನಿ?” ಹತ್ತು ಸಲ ತಟ್ಟಿದೆ. ಇಬ್ಬರೂ ಹತ್ತಕ್ಕೆ ಹತ್ತು ಸರಿ ಹೇಳಿದರು. ಆದರೆ ಎರಡು ಸಂಗತಿಗಳನ್ನು ಒಮ್ಮೆಗೇ ಬದಲಿಸಿದರೆ ಯಾವುದರಿಂದ ಫಲ ಬಂತೆಂದು ತಿಳಿಯುವುದಿಲ್ಲ. ಹಾಗಾಗಿ ಕಣ್ಣು ಮುಚ್ಚಿಸಿಯೇ ಮತ್ತೆ “ಮೇಲೆ” ಎಂಬ ಮಾತಿನಲ್ಲಿ ಕೇಳಿದೆ. ಹುಡುಗಿ ಈ ಸಲ ಸರಿ ಹೇಳಿದಳು. ಅವಳನ್ನು ದಾರಿ ತಪ್ಪಿಸಿದ್ದು ಕಣ್ಣಿಗೆ ಕಾಣುತ್ತಿದ್ದ ನೀರಿನ ಮಟ್ಟ. ಹುಡುಗ ಮತ್ತೆ ತಡವರಿಸಿದ. ಅವನನ್ನು ತಪ್ಪಿಸಿದ್ದು ಮಾತು. ಏರುದನಿಯಲ್ಲಿ ಮಾತಾಡಬೇಡ ಅಂದರೆ ನಮ್ಮಲ್ಲಿ ಒದರಬೇಡ ಅಂತ ಅರ್ಥ. ‘ಏರು’ ಅಂದರೆ ‘ಜೋರು’ ಎಂದು ಅವನು ತಿಳಿದದ್ದರಲ್ಲಿ ಕಿವಿಯ ತಪ್ಪೇನೂ ಇಲ್ಲ.

ಸ್ವರಕ್ಕೆ ಮೇಲೆ ಕೆಳಗೆ ಎಂಬುದು ನಾವು ಕೊಟ್ಟ ಹೋಲಿಕೆ ಅಷ್ಟೇ. ಡಚ್ಚರು ಎತ್ತರ–ತಗ್ಗು ಅನ್ನುತ್ತಾರೆ, ಪಾರಸಿ ಮಾತಾಡುವವರು ತೆಳು–ದಪ್ಪ ಅನ್ನುತ್ತಾರೆ. 2013ರಲ್ಲಿ ಸಾರಾ ಡೋಲ್‌ಶೈಡ್ ಮತ್ತು ಸಂಗಡಿಗರು ಈ ಎರಡೂ ಭಾಷೆಯವರಿಗೆ ಗೆರೆಗಳ ಚಿತ್ರ ತೋರಿಸುತ್ತ ಸ್ವರ ಕೇಳಿಸಿ, ಕೇಳಿದ್ದನ್ನು ಹಾಡಲು ಹೇಳಿದರು. ಡಚ್ಚರ ಸ್ವರವನ್ನು ಗೆರೆಯ ಎತ್ತರ ಎಳೆದಾಡಿತು. ಪಾರಸಿಯವರದನ್ನು ಗೆರೆಯ ದಪ್ಪ. ಮರುವರ್ಷ ಅದೇ ತಂಡ ನಾಲ್ಕು ತಿಂಗಳ ಕೂಸುಗಳನ್ನು ಪರೀಕ್ಷಿಸಿದಾಗ, ಮಾತೇ ಬಾರದ ಆ ಕೂಸುಗಳಿಗೆ ಎರಡೂ ಹೋಲಿಕೆಗಳು ಹಿಡಿಸುತ್ತವೆ ಎಂದು ಕಂಡುಬಂತು. ಹುಟ್ಟಾ ಎರಡೂ ದಾರಿ ತೆರೆದಿರುತ್ತವೆ. ಯಾವುದು ಸವೆದು ಹೆದ್ದಾರಿಯಾಗುತ್ತದೆ ಎಂಬುದನ್ನು ಮನೆಯ ಭಾಷೆ ತೀರ್ಮಾನಿಸುತ್ತದೆ. ನಮ್ಮ ಚಿಕ್ಕೋಡಿ, ಅಥಣಿ ಕಡೆ ಸೊರಗಿದವನನ್ನು ‘ಸಣ್ಣ ಆಗ್ಯಾನ’ ಅನ್ನುತ್ತೇವೆ, ಎಳೆಯ ಹುಡುಗಿಯ ಕೊರಳನ್ನು ‘ಸಣ್ಣ ದನಿ’ ಅನ್ನುತ್ತೇವೆ. ಅದೇ ಮಾತಿನಲ್ಲಿ ಕೇಳಿದಾಗ ಹುಡುಗನ ಕಿವಿ ಬಾಯಿಬಿಟ್ಟಿತು.

ಇಷ್ಟೆಲ್ಲ ಯಾಕೆಂದರೆ, ತಂಗಿಯ ಮಗಳಿಗೆ ಅಕ್ಟೋಬರದಲ್ಲಿ ಒಂದು ಪರೀಕ್ಷೆ ಇತ್ತು. ಅವರು ಇರುವುದು ಲಂಡನ್ನಿನ ಉತ್ತರಕ್ಕೆ ಒಂದು ಊರಿನಲ್ಲಿ. ಇಂಗ್ಲೆಂಡಿನ 1998ರ ಶಿಕ್ಷಣ ಕಾಯ್ದೆಯ ಪ್ರಕಾರ, ಸಂಗೀತದಂಥ ಕೆಲವು ವಿಷಯಗಳಿಗೆ ಒತ್ತು ಕೊಡುವ ಸರಕಾರಿ ಪ್ರೌಢಶಾಲೆ ತನ್ನ ಸೀಟುಗಳಲ್ಲಿ 10 ಪ್ರತಿಶತದವರೆಗೆ ಆ ವಿಷಯದ ಒಲವು ನೋಡಿ ತುಂಬಬಹುದು. ಆ ಒಲವನ್ನು ಅಳೆಯುವುದೇ ಈ ಪರೀಕ್ಷೆ. ಕಲಿತದ್ದನ್ನು ಅಳೆಯಕೂಡದು, ಕಲಿಯಬಲ್ಲ ಶಕ್ತಿಯನ್ನಷ್ಟೇ ಅಳೆಯಬೇಕು ಎಂದು ಪ್ರವೇಶದ ನಿಯಮಗಳು ಹೇಳುತ್ತವೆ. ಹಾಗಿದ್ದಲ್ಲಿ ಇದಕ್ಕೆ ತಯಾರಿ ಮಾಡಿಸಬಹುದೇ? ಮಾಡಿಸಿದರೆ ಅದು ಶಕ್ತಿಯೋ ಕಲಿಕೆಯೋ? ಆಗಸ್ಟ್ ರಜೆಗೆ ಕಾಗವಾಡಕ್ಕೆ ಬಂದ ತಂಗಿ ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟಳು. ಶ್ರಾವಣ ನಡೆದಿತ್ತು, ಗುಡಿಯಲ್ಲಿ ರಾತ್ರಿ ಹತ್ತರವರೆಗೆ ಭಜನೆ. ನನ್ನ ಉತ್ತರದ ಅರ್ಧ ಅಲ್ಲೇ ಕೇಳಿಸುತ್ತಿತ್ತು.

ಈ ಮಾದರಿಯ ಪರೀಕ್ಷೆಗಳಿಗೆ ನೂರು ವರ್ಷದ ಇತಿಹಾಸವಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಕಾರ್ಲ್ ಸೀಶೋರ್ 1919ರಲ್ಲಿ ಸಂಗೀತಪ್ರತಿಭೆಯನ್ನು ಅಳೆಯುವ ಗ್ರಾಮಾಫೋನ್ ತಟ್ಟೆಗಳನ್ನು ಹೊರತಂದರು. ಸಂಗೀತವೆಂಬ ದೊಡ್ಡ ಸಂಗತಿಯನ್ನು ಅವರು ಸ್ವರಸ್ಥಾನ, ನಾದದ ಬಲ, ಕಾಲ, ನೆನಪು ಎಂದು ಚೂರು ಚೂರಾಗಿ ಒಡೆದು ಒಂದೊಂದನ್ನೇ ತೂಗಿದರು. ಇಂಗ್ಲೆಂಡಿನ ಆರ್ನಾಲ್ಡ್ ಬೆಂಟ್ಲಿ 1966ರಲ್ಲಿ ಇದನ್ನು ಚಿಕ್ಕ ಮಕ್ಕಳಿಗೆ ಹೊಂದಿಸಿದರು. ಅವರ ಪರೀಕ್ಷೆಯಲ್ಲಿ 60 ಪ್ರಶ್ನೆ, ನಾಲ್ಕು ಭಾಗ. ಎರಡು ಸ್ವರ ಕೇಳಿಸಿ ಎರಡನೆಯದು ಏರಿತೋ ಇಳಿಯಿತೋ ಎಂಬುದು 20 ಪ್ರಶ್ನೆ. ಐದು ಸ್ವರದ ಪುಟ್ಟ ಧಾಟಿಯನ್ನು ಎರಡು ಸಲ ನುಡಿಸಿ, ಎಷ್ಟನೆಯ ಸ್ವರ ಬದಲಾಯಿತು ಎಂಬುದು 10. ಒಮ್ಮೆಗೇ ನುಡಿಸಿದ ಸ್ವರಗಳು ಎಷ್ಟು ಎಂದು ಎಣಿಸುವುದು 20. ಲಯದಲ್ಲಿ ಯಾವ ಮಾತ್ರೆ ಬದಲಾಯಿತು ಎಂಬುದು 10. ಇಂದು ಅಲ್ಲಿನ ಹಲವು ಶಾಲೆಗಳು ಕೊಡುವ ಪರೀಕ್ಷೆಯ ಎಲುಬುಗೂಡು ಇದೇ. ಹಾಡಬೇಕಾಗಿಲ್ಲ, ನುಡಿಸಬೇಕಾಗಿಲ್ಲ. ಕೇಳಿ, ಹಾಳೆಯ ಮೇಲೆ ಗುರುತು ಹಾಕಿದರೆ ಮುಗಿಯಿತು.

ನಮ್ಮ ಭಾಗದ ಮಕ್ಕಳಿಗೆ ಪರೀಕ್ಷೆಗಳೇನು ಹೊಸವಲ್ಲ. ಚಿಕ್ಕೋಡಿ ತಾಲೂಕಿನ ಕೋಥಳಿಯ ನವೋದಯ ವಿದ್ಯಾಲಯಕ್ಕೆಂದು ಐದನೆಯ ಇಯತ್ತೆಯ ಹುಡುಗರು ವರ್ಷಪೂರ್ತಿ ಲೆಕ್ಕ ಬಿಡಿಸುತ್ತಾರೆ. ಪ್ರತಿಭಾ ಕಾರಂಜಿಯಲ್ಲಿ ಭಕ್ತಿಗೀತೆ, ಭಾವಗೀತೆ ಹಾಡುತ್ತಾರೆ. ಗಾಯನ ಕಲಿಯುವವರು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ‘ಪ್ರಾರಂಭಿಕ’ದಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಏರುತ್ತಾರೆ. 1931ರಲ್ಲಿ ಹುಟ್ಟಿದ ಆ ಮಂಡಲ ವಿಷ್ಣು ದಿಗಂಬರ ಪಲುಸ್ಕರರ ನೆನಪಿನದು. ಪಲುಸ್ಕರರು ಹುಟ್ಟಿದ್ದು ಕೃಷ್ಣೆಯ ಆಚೆಗಿನ ಕುರುಂದವಾಡದಲ್ಲಿ, ಸಂಗೀತ ಕಲಿತದ್ದು ಕಾಗವಾಡದ ಮಗ್ಗುಲಿನ ಮಿರಜಿನಲ್ಲಿ. ಆದರೆ ಇವೆಲ್ಲ ಕಲಿತದ್ದನ್ನು ಒಪ್ಪಿಸುವ ಪರೀಕ್ಷೆಗಳು. ಕಲಿಯುವ ಮೊದಲೇ ಅಳೆಯುವ ಪರೀಕ್ಷೆ ನಮ್ಮಲ್ಲೂ ಒಂದಿತ್ತು, ಈಗಲೂ ಇದೆ. ಗುರು ತಂಬೂರಿ ಮೀಟಿ, “ಸಾ ಹಚ್ಚು” ಅನ್ನುತ್ತಾರೆ. ಅಷ್ಟೇ.

ಈ ಎರಡು ಪರೀಕ್ಷೆಗಳನ್ನು ಹೋಲಿಸಿ ನೋಡಿದರೆ ಒಂದರಲ್ಲಿ ಕಿವಿಯಿಂದ ಮಾತಿಗೆ ದಾರಿ ಬೇಕು, ಇನ್ನೊಂದರಲ್ಲಿ ಕಿವಿಯಿಂದ ಕೊರಳಿಗೆ. ಎರಡರಲ್ಲೂ ಕಿವಿಯನ್ನು ನೇರವಾಗಿ ಯಾರೂ ನೋಡುವುದಿಲ್ಲ. ‘ಮೇಲೆ’ ಎಂಬ ಮಾತಿನ ಗೊಂದಲ ಮೊದಲನೆಯದರಲ್ಲಿ ಮಗುವನ್ನು ಬೀಳಿಸಬಹುದು. ಎರಡನೆಯದರಲ್ಲಿ ಕೊರಳು ಬೀಳಿಸಬಹುದು. ಪೀಟರ್ ಫೋರ್ಡ್‌ರೆಶರ್ ಮತ್ತು ಸ್ಟೀವನ್ ಬ್ರೌನ್ 2007ರಲ್ಲಿ ಬೇಸೂರಾಗಿ ಹಾಡುವವರನ್ನು ಕೂರಿಸಿ ಪರೀಕ್ಷಿಸಿದರು. ಅವರಿಗೆ ಸ್ವರಗಳ ನಡುವಿನ ಅಂತರ ಉಳಿದವರಷ್ಟೇ ಚೆನ್ನಾಗಿ ಕೇಳುತ್ತಿತ್ತು. ಕೇಳಿದ ಸ್ವರಕ್ಕೆ ಕೊರಳಿನ ಸ್ನಾಯುಗಳನ್ನು ಜೋಡಿಸುವ ಕೊಂಡಿ ಮಾತ್ರ ಸಡಿಲವಾಗಿತ್ತು. ನನ್ನನ್ನು ಎರಡನೆಯ ಇಯತ್ತೆಯಲ್ಲಿ ಪ್ರಾರ್ಥನೆಯ ಮುಂದಿನ ಸಾಲಿನಿಂದ ತೆಗೆದು, ಹಿಂದೆ ನಿಂತು ತುಟಿ ಅಲ್ಲಾಡಿಸಲು ಹೇಳಿದ್ದರು. ಆ ದಿನದ ನಂತರ ಬಹಳ ವರ್ಷ ನಾನು ಹಾಡಲಿಲ್ಲ. ಹಾಡದಿದ್ದರಿಂದ ಆ ಕೊಂಡಿ ಗಟ್ಟಿಯಾಗಲೂ ಇಲ್ಲ. ಸ್ವರ ಜಾರಿದ ಕೂಡಲೇ ಮಗುವಿಗೆ ಬೇಸೂರ ಎಂದು ಹೆಸರಿಡುವವರನ್ನು ಕಂಡರೆ ನನಗೆ ಇಂದಿಗೂ ಸಂಕಟವಾಗುತ್ತದೆ. ನಿಜವಾಗಿ ಹುಟ್ಟಿನಿಂದಲೇ ಸ್ವರದ ಅಂತರ ತಿಳಿಯದವರು ಇದ್ದಾರೆ. ಮಾಂಟ್ರಿಯಲ್‌ನ ಇಸಾಬೆಲ್ ಪೆರೆಟ್ಜ್ ಮತ್ತು ಡೊಮಿನಿಕ್ ವುವಾನ್ 2017ರಲ್ಲಿ ಲೆಕ್ಕ ಹಾಕಿದಂತೆ ಅವರು ನೂರಕ್ಕೆ ಒಬ್ಬರೋ ಇಬ್ಬರೋ. ಪ್ರಾರ್ಥನೆಯ ಸಾಲಿನಿಂದ ಹಿಂದೆ ಹೋದವರು ಅದಕ್ಕಿಂತ ಎಷ್ಟು ಹೆಚ್ಚು!

ಸ್ವರ ಜಾರುವ ಮಗುವಿನ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಕಿವಿಯನ್ನೇ. ನೆಗಡಿ ಕಟ್ಟಿ ಕಿವಿತಮಟೆಯ ಹಿಂದೆ ನೀರು ನಿಂತರೆ ಮಗುವಿಗೆ ನೋವಿರಬೇಕೆಂದೇನಿಲ್ಲ. ಮಾತು ಮಸುಕಾಗಿ ಕೇಳುತ್ತದೆ, ಅಷ್ಟೇ. ಟಿವಿ ದನಿ ಏರಿಸುವ, ಕರೆದರೆ ಓಗೊಡದ, ಮೂಗು ಕಟ್ಟಿಯೇ ಇರುವ ಮಗುವನ್ನು ಹಾರ್ಮೋನಿಯಂ ಮುಂದೆ ಕೂರಿಸುವ ಮೊದಲು ಕಿವಿ ಡಾಕ್ಟರರ ಮುಂದೆ ಕೂರಿಸಬೇಕು. ಕಿವಿಗೆ ಬಿಸಿ ಎಣ್ಣೆ ಬಿಡುವುದು ಬೇಡ. ಮಕ್ಕಳಲ್ಲಿ ಕಾಣುವ ಕಿವುಡಿನಲ್ಲಿ 60 ಪ್ರತಿಶತದಷ್ಟು ತಡೆಯಬಹುದಾದದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೆರವಣಿಗೆಯ ಡಿಜೆ ಪೆಟ್ಟಿಗೆಗಳ ಮುಂದೆ ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಿಲ್ಲುವ ತಂದೆಯರಿಗೂ ಒಂದು ಮಾತು: ಒಳಗಿವಿಯಲ್ಲಿ ಸ್ವರವನ್ನು ಹಿಡಿಯುವ ಕೂದಲುಕೋಶಗಳು ಒಂದು ಕಿವಿಗೆ ಸುಮಾರು 15,000. ಸತ್ತವು ಮತ್ತೆ ಹುಟ್ಟುವುದಿಲ್ಲ.

ಇನ್ನು ಮೊದಲನೆಯ ಭಾಗ, ಸ್ವರದ ಏರಿಳಿತ. ಹಾರ್ಮೋನಿಯಂನ, ನಮ್ಮ ಕಡೆಯ ಮಾತಿನಲ್ಲಿ ಪೇಟಿಯ, ಒಂದು ಮನೆಯಿಂದ ಪಕ್ಕದ ಮನೆಗೆ ಸರಿದರೆ ಕಂಪನ ಸುಮಾರು 6 ಪ್ರತಿಶತ ಏರುತ್ತದೆ. 440 ಇದ್ದದ್ದು 466 ಆಗುತ್ತದೆ. ಪರೀಕ್ಷೆ ಇಷ್ಟು ಅಂತರದಿಂದ ಶುರುವಾಗಿ, ಎರಡು ಮನೆಗಳ ನಡುವಿನ ಸಂದಿಗೆ ಇಳಿಯುತ್ತದೆ. ಪೇಟಿಯಲ್ಲಿ ಆ ಸಂದಿ ಇಲ್ಲವೇ ಇಲ್ಲ. ಅಲ್ಲಿಗೆ ಕಿವಿಯನ್ನು ಒಯ್ಯುವುದು ಹೇಗೆ?

ಈ ಪ್ರಶ್ನೆಯನ್ನು ನಮ್ಮ ಗಡಿಯಲ್ಲೇ, ಸಾಂಗಲಿ–ಮಿರಜಿನಲ್ಲಿ, ಸೀಶೋರರ ತಟ್ಟೆಗಳಿಗೂ ಮೊದಲೇ ಕೆಲವರು ಹಿಡಿದು ಕೂತಿದ್ದರು ಎಂಬುದು ನನಗೆ ಬಹಳ ಹೆಮ್ಮೆಯ ವಿಷಯ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ ಎಂಬ ನಿವೃತ್ತ ಅಧಿಕಾರಿ, ಇಪ್ಪತ್ತೆರಡು ಶ್ರುತಿಗಳನ್ನು ತಂತಿಯ ಉದ್ದದಿಂದ ಅಳೆದು 1910ರಲ್ಲಿ ಪುಸ್ತಕ ಬರೆದರು. ಸ್ವರ ಸರಿಯೋ ಅಲ್ಲವೋ ಎಂದು ಹೇಳಲು ಅವರಿಗೆ ಆಸರೆಯಾದದ್ದು ಅಬ್ದುಲ್ ಕರೀಮ್ ಖಾನರ ಕೊರಳು. ಅರ್ನೆಸ್ಟ್ ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ನ್ಯಾಯಾಧೀಶರು ಆ ಕೆಲಸವನ್ನು ಮುಂದುವರಿಸಿ 1913ರಲ್ಲಿ ತಮ್ಮ ಪುಸ್ತಕ ತಂದರು. ಕಿರಾಣಾ ಘರಾಣೆಯ ಖಾನಸಾಹೇಬರು ಕಡೆಗೆ ಮಿರಜನ್ನೇ ಮನೆ ಮಾಡಿಕೊಂಡರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿನ ಮೀರಾಸಾಹೇಬರ ದರ್ಗಾದಲ್ಲಿದೆ.

ದೇವಲ, ಕ್ಲೆಮೆಂಟ್ಸ್ ಅಳೆಯುತ್ತಿದ್ದದ್ದು ಏನೆಂದು ಒಂದು ಲೆಕ್ಕದಲ್ಲಿ ನೋಡೋಣ. ಸ ಅನ್ನು 240 ಕಂಪನ ಎಂದಿಟ್ಟುಕೊಳ್ಳಿ. ಶುದ್ಧ ಗಾಂಧಾರ ಅದರ ಒಂದೂಕಾಲು ಪಟ್ಟು, ಅಂದರೆ ಸರಿಯಾಗಿ 300. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಪೇಟಿಯ ಗಾಂಧಾರ 302.4. ಅಂತರ ಎರಡೂವರೆ ಕಂಪನಕ್ಕೂ ಕಡಿಮೆ. ಈಗ ತಂಬೂರಿ ಮೀಟಿ. ಖರ್ಜದ, ಅಂದರೆ ಕೆಳಗಿನ ಸ ಹಿಡಿಯುವ, ತಂತಿ 120ರಲ್ಲಿ ಅದುರುತ್ತದೆ. ಜೊತೆಗೆ ಅದೇ ತಂತಿ ಎರಡು ಪಾಲಾಗಿ 240ರಲ್ಲಿ, ಮೂರು ಪಾಲಾಗಿ 360ರಲ್ಲಿ, ಐದು ಪಾಲಾಗಿ 600ರಲ್ಲಿಯೂ ಅದುರುತ್ತಿರುತ್ತದೆ. 600 ಅಂದರೆ 300ರ ಎರಡು ಪಟ್ಟು, ತಾರದ ಗಾಂಧಾರ. ಗಾಂಧಾರಕ್ಕೆ ಶ್ರುತಿ ಮಾಡಿದ ತಂತಿಯೇ ಇಲ್ಲದ ತಂಬೂರಿಯಲ್ಲಿ ಗಾಂಧಾರ ತೇಲಿಬರುವುದನ್ನು ಹಾಡುವವರು ಸ್ವಯಂಭೂ ಗಾಂಧಾರ ಅನ್ನುತ್ತಾರೆ. ಅದು ಕವಿಕಲ್ಪನೆ ಅಲ್ಲ, ತಂತಿಯ ಭೌತಶಾಸ್ತ್ರ.

ಇನ್ನೂ ಹೆಚ್ಚು ಉಪಯೋಗಕ್ಕೆ ಬಂದದ್ದು ಜೋಡಿಯ ತಂತಿಗಳು. ನಡುವಿನ ಎರಡು ತಂತಿಗಳೂ ಒಂದೇ ಸ. ಒಂದು 240, ಇನ್ನೊಂದು 242 ಇದ್ದರೆ ಎರಡೂ ಕೂಡಿ ಸೆಕೆಂಡಿಗೆ ಎರಡು ಸಲ ಉಬ್ಬಿ ತಗ್ಗುವ ಅಲೆ ಕೇಳುತ್ತದೆ. ಹತ್ತಿರ ತಂದಂತೆ ಅಲೆ ನಿಧಾನವಾಗುತ್ತದೆ, ಕೂಡಿದಾಗ ನಿಂತುಬಿಡುತ್ತದೆ. ಮಕ್ಕಳಿಬ್ಬರಿಗೂ ದಿನಾ ಬೆಳಿಗ್ಗೆ ಹತ್ತು ನಿಮಿಷ ಇದೊಂದೇ ಆಟ. ತಂತಿಯ ಕೆಳಗಿನ ಮಣಿಯನ್ನು ನಾನು ಸರಿಸುತ್ತಿದ್ದೆ. ಅಲೆ ನಿಂತಾಗ ಅವರು “ನಿಂತ್ತು” ಅನ್ನಬೇಕು. ಮೊದಲ ವಾರ ನಾನೇ ಅವರಿಗಿಂತ ಮೊದಲು ಕಂಡುಹಿಡಿಯುತ್ತಿದ್ದೆ. ಮೂರನೆಯ ವಾರಕ್ಕೆ ಹುಡುಗ ನನ್ನ ತಪ್ಪು ಹಿಡಿದ. ಪರೀಕ್ಷೆಯ ಅತಿ ಸಣ್ಣ ಅಂತರಗಳು ಇಷ್ಟೇ ಸಣ್ಣವು. ಕಿವಿಯ ಹೊಸ ಶಕ್ತಿಯೇನೂ ಇದರಿಂದ ಹುಟ್ಟಲಿಲ್ಲ. ಎಲ್ಲಿ ಗಮನ ಇಡಬೇಕು ಎಂಬುದು ತಿಳಿಯಿತು. ಜೊತೆಗೆ ತಂಗಿಯ ಮಗಳಿಗೆ ಎರಡು ಭಾಷೆಯಲ್ಲೂ ಮಾತು ಕಟ್ಟಿಕೊಟ್ಟೆ: ಸಣ್ಣ ಅಂದರೆ ಮೇಲೆ, ದಪ್ಪ ಅಂದರೆ ಕೆಳಗೆ, ಜೋರು–ಮೆತ್ತಗೆ ಬೇರೆಯೇ ಸಂಗತಿ. ದಪ್ಪ ದನಿಯನ್ನು ಜೋರಾಗಿ, ಸಣ್ಣ ದನಿಯನ್ನು ಮೆತ್ತಗೆ ನುಡಿಸಿ ಕೇಳಿದರೆ ಈ ಗಂಟು ಬೇಗ ಬಿಚ್ಚುತ್ತದೆ. ತಯಾರಿಯಲ್ಲಿ ಇದಕ್ಕಿಂತ ಬೆಲೆಬಾಳುವ ಭಾಗ ನನಗೆ ಕಾಣಲಿಲ್ಲ.

ಲಯದ ಭಾಗಕ್ಕೆ ನಾನು ಏನನ್ನೂ ಕಲಿಸಲಿಲ್ಲ. ಗುಡಿಗೆ ಕರೆದುಕೊಂಡು ಹೋದೆ. ತಮ್ಮನ ಮಗ ಅಲ್ಲಿ ಆರನೆಯ ವಯಸ್ಸಿನಿಂದ ತಾಳ ಹಿಡಿದು ಕೂತವನು. ಒಂದು ಪದ ಕನ್ನಡದ್ದಾದರೆ ಮುಂದಿನದು ಮರಾಠಿ ಅಭಂಗ. ಪೇಟಿ ಮಾಸ್ತರರು ಶ್ರುತಿಯನ್ನು ಕಾಳಿ ಒಂದರಿಂದ ಕಾಳಿ ಎರಡಕ್ಕೆ ಜಿಗಿಸಿದರೂ ಭಜನಿ ಠೇಕಾ ಕದಲುವುದಿಲ್ಲ. ತಂಗಿಯ ಮಗಳು ಮೊದಲ ರಾತ್ರಿ ಹಿಂದೆ ಕೂತು ನೋಡಿದಳು, ಮೂರನೆಯ ರಾತ್ರಿ ತಾಳ ಹಿಡಿದಳು.

ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ 2005ರಲ್ಲಿ ಪ್ರಕಟಿಸಿದ ಪ್ರಯೋಗಗಳು ನನಗೆ ಬಹಳ ಪ್ರಿಯ. ಬಾಲ್ಕನ್ ನಾಡಿನ ಕುಣಿತದ ಹಾಡುಗಳಲ್ಲಿ 2 ಮತ್ತು 3ರ ಗುಂಪುಗಳು ಸೇರಿದ ಏಳು ಮಾತ್ರೆಯ ನಡೆ ಸಾಮಾನ್ಯ. ಉತ್ತರ ಅಮೆರಿಕದ ದೊಡ್ಡವರಿಗೆ ಅದರಲ್ಲಿ ಲಯ ತಪ್ಪಿಸಿದರೂ ತಿಳಿಯುವುದಿಲ್ಲ. ಅದೇ ಉತ್ತರ ಅಮೆರಿಕದ ಆರು ತಿಂಗಳ ಕೂಸುಗಳಿಗೆ ತಿಳಿಯುತ್ತದೆ. ಹನ್ನೆರಡು ತಿಂಗಳಾಗುವಷ್ಟರಲ್ಲಿ ಕೂಸುಗಳೂ ಅದನ್ನು ಕಳೆದುಕೊಳ್ಳುತ್ತವೆ. ಆದರೆ ಎರಡು ವಾರ ಆ ಹಾಡುಗಳನ್ನು ಮನೆಯಲ್ಲಿ ಕೇಳಿಸಿದರೆ ಮರಳಿ ಪಡೆಯುತ್ತವೆ. ದೊಡ್ಡವರಿಗೆ ಅಷ್ಟು ಸುಲಭವಾಗಿ ಮರಳುವುದಿಲ್ಲ. ನಮ್ಮ ಮಕ್ಕಳು ಎಂಟರ ಠೇಕಾ ಮಾತ್ರವಲ್ಲ, ಏಳರ ರೂಪಕ, ಹತ್ತರ ಝಪತಾಲ, ಚಿಂಚಲಿ ಮಾಯಕ್ಕನ ಜಾತ್ರೆಯ ಡೊಳ್ಳು, ಕರಡಿಮಜಲಿನ ತಿರುವುಗಳು, ಇಷ್ಟನ್ನೂ ತೊಡೆಯ ಮೇಲೆ ಮಲಗಿದ್ದಾಗಲೇ ಕೇಳಿರುತ್ತಾರೆ. ಶಾಲೆಯ ಪರೀಕ್ಷೆಯ ನಾಲ್ಕು ಮಾತ್ರೆಯ ಲಯ ಅವರಿಗೆ ಅಂಗಳ ದಾಟಿದಷ್ಟು.

ಕೇಳಿದ್ದನ್ನು ನೆನಪಿಡಲು ತಬಲಾದವರ ಬಾಯಿಪಾಠ ಇನ್ನೊಂದು ವರ. ಸುಮ್ಮನೆ ‘ಟಕ್ ಟಕಟಕ ಟಕ್’ ಎಂದು ಕೇಳಿದ್ದನ್ನು ಮಿದುಳು ಬೇಗ ಬಿಟ್ಟುಬಿಡುತ್ತದೆ. ಅದನ್ನೇ ‘ಧಾ ತಿರಕಿಟ ಧಾ’ ಎಂದು ಅಕ್ಷರಕ್ಕೆ ಕಟ್ಟಿದರೆ ಆರು ಚೂರು ಮೂರು ಗಂಟಾಗುತ್ತದೆ. ಅಲ್ಪಕಾಲದ ನೆನಪು ಎಣಿಸುವುದು ಚೂರುಗಳನ್ನಲ್ಲ, ಗಂಟುಗಳನ್ನು. ಸರಿಗಮವೂ ಹಾಗೇ. ಐದು ಸ್ವರದ ಧಾಟಿಯಲ್ಲಿ ಎಷ್ಟನೆಯದು ಬದಲಾಯಿತು ಎಂಬ ಪ್ರಶ್ನೆಯಲ್ಲಿ ಮಗು ಕೇಳುತ್ತಲೇ ಎಣಿಸಬೇಕು, ಎಣಿಸುತ್ತಲೇ ಹೋಲಿಸಬೇಕು. ಸ್ವರಕ್ಕೊಂದು ಹೆಸರಿದ್ದರೆ ಅದು ತಾನಾಗಿ ತನ್ನ ಜಾಗದಲ್ಲಿ ಕೂರುತ್ತದೆ. ತಂಗಿಯ ಮಗಳು ಬೆರಳುಗಳ ಮೇಲೆ ಸ ರಿ ಗ ರಿ ಸ ಇಟ್ಟು, ಎರಡನೆಯ ಸಲ ನಡುಬೆರಳಿನಲ್ಲಿ ಮ ಬಂದಾಗ ಆ ಬೆರಳನ್ನೇ ಎತ್ತಿ ತೋರಿಸುತ್ತಿದ್ದಳು.

ಒಂದು ಭಾಗ ಮಾತ್ರ ನಮ್ಮ ಅಂಗಳದ್ದಲ್ಲ. ಒಮ್ಮೆಗೇ ನುಡಿಯುವ ಸ್ವರಗಳು ಎರಡೋ, ಮೂರೋ, ನಾಲ್ಕೋ? ಚರ್ಚಿನ ಗಾಯನಮೇಳ, ಪಿಯಾನೋ ಕೇಳಿ ಬೆಳೆದ ಮಗುವಿಗೆ ಇದು ನಿತ್ಯದ ಊಟ. ನಮ್ಮ ಸಂಗೀತದಲ್ಲಿ ಒಂದು ಧಾಟಿ, ಅದರ ಹಿಂದೆ ತಂಬೂರಿ. ಸ್ವರಗಳನ್ನು ಒಂದರ ಮೇಲೊಂದು ಪೇರಿಸುವುದಿಲ್ಲ. 60ರಲ್ಲಿ 20 ಅಂಕ ಇದಕ್ಕೇ ಮೀಸಲಿಟ್ಟ ಪರೀಕ್ಷೆ ಎಲ್ಲ ಮಕ್ಕಳ ಸಹಜಶಕ್ತಿಯನ್ನು ಸಮನಾಗಿ ಅಳೆಯುತ್ತದೆ ಎಂದು ನಾನು ಒಪ್ಪುವುದಿಲ್ಲ. ಅದು ಮಗುವಿನ ಮನೆಯಲ್ಲಿ ಯಾವ ಸಂಗೀತವಿತ್ತು ಎಂಬುದನ್ನೂ ಅಳೆಯುತ್ತದೆ.

ಜರ್ಮನಿಯ ಕಾರ್ಲ್ ಸ್ಟುಂಫ್ 1880ರ ದಶಕದಲ್ಲೇ ಸಂಗೀತ ಬಾರದವರಿಗೆ ಜೋಡಿ ಸ್ವರ ಕೇಳಿಸಿ, ಒಂದೋ ಎರಡೋ ಎಂದು ಕೇಳಿದ್ದರು. ಜನ ಎಲ್ಲಕ್ಕಿಂತ ಹೆಚ್ಚು ಮೋಸಹೋದದ್ದು ಸ ಮತ್ತು ಮೇಲಿನ ಸ ಕೂಡಿದಾಗ, ಆಮೇಲೆ ಸ ಮತ್ತು ಪ ಕೂಡಿದಾಗ. ಕಾರಣ ಮೇಲಿನ ಲೆಕ್ಕದಲ್ಲೇ ಇದೆ. 240ರ ಸ ತನ್ನೊಳಗೆ 480, 720, 960 ಎಂದು ಹೊತ್ತುಕೊಂಡೇ ಬರುತ್ತದೆ. 480ರ ಮೇಲಿನ ಸ ತರುವುದೆಲ್ಲ ಅದರಲ್ಲಿ ಆಗಲೇ ಇದೆ. ಪಂಚಮದ 360 ಹೊಸದು, 720 ಹಳೆಯದು. ಅರ್ಧ ಮಾತ್ರ ಕರಗುತ್ತದೆ. ಪೇಟಿಯ ಮುಂದೆ ಕೂತು ಮೊದಲು ಸ–ರಿ ಒತ್ತಿದೆ, ಅದು ಕರಕರ ಎಂದು ಎರಡಾಗಿಯೇ ಕೇಳುತ್ತದೆ. ಆಮೇಲೆ ಸ–ಗ, ಸ–ಪ, ಕಡೆಗೆ ಸ–ಸ. ಪ್ರತಿ ಸಲವೂ ಎಣಿಕೆ ಹೇಳುವ ಮೊದಲು ಒಂದೊಂದನ್ನೇ ಹೆಕ್ಕಿ ಹಾಡಬೇಕು. ಕೊರಳಿಗೆ ಸಿಕ್ಕಷ್ಟು ಸ್ವರ ಕಿವಿಗೂ ಸಿಕ್ಕಿತು. ಮೇಲಿನ ಸ ಇಬ್ಬರನ್ನೂ ಕಡೆಯವರೆಗೆ ಕಾಡಿತು.

ಇಷ್ಟಕ್ಕೂ ಇದು ವಂಶದಿಂದ ಬರುವುದಲ್ಲವೇ ಎಂದು ತಮ್ಮ ಕೇಳಿದ. ಬರುತ್ತದೆ, ಬಹುಪಾಲು. 2001ರಲ್ಲಿ ಡೆನಿಸ್ ಡ್ರೇನಾ ಮತ್ತು ಸಂಗಡಿಗರು ಬ್ರಿಟನ್ನಿನ ಅವಳಿಗಳಿಗೆ ತಪ್ಪು ಸ್ವರ ಸೇರಿಸಿದ ಪರಿಚಿತ ಧಾಟಿಗಳನ್ನು ಕೇಳಿಸಿ, ತಪ್ಪು ಹಿಡಿಯುವ ಸಾಮರ್ಥ್ಯದಲ್ಲಿನ ವ್ಯತ್ಯಾಸದ 71ರಿಂದ 80 ಪ್ರತಿಶತ ವಂಶವಾಹಿಗಳದ್ದೆಂದು ಲೆಕ್ಕ ಹಾಕಿದರು. ಆದರೆ ಈ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಕೃಷ್ಣೆಯ ದಂಡೆಯಲ್ಲಿ, ಉಗಾರದ ಕರಿಮಣ್ಣಿನ ಒಂದೇ ಹೊಲದಲ್ಲಿ ಬೇರೆ ಬೇರೆ ಬೀಜ ಬಿತ್ತಿದರೆ, ಬೆಳೆಯ ವ್ಯತ್ಯಾಸವೆಲ್ಲ ಬೀಜದ್ದೇ ಅನ್ನಿಸುತ್ತದೆ. ಅದೇ ಬೀಜವನ್ನು ಅಥಣಿಯ ಮೂಡಣ ದಿಕ್ಕಿನ ಒಣಬೇಸಾಯದಲ್ಲಿ ಹಾಕಿ ನೋಡಿದಾಗ ನೀರಿನ ಮಾತು ಬರುತ್ತದೆ. ಆ ಅಂಕಿ ಒಂದೇ ಹೊಲದ ಅಂಕಿ. ಒಂದು ಮಗುವಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಎಡ್ವಿನ್ ಗಾರ್ಡನ್ ಎಂಬ ಅಮೆರಿಕದ ಸಂಗೀತಶಿಕ್ಷಣ ತಜ್ಞರು ಈ ಶಕ್ತಿ ಸುಮಾರು ಒಂಬತ್ತು ವರ್ಷದವರೆಗೆ ಹೆಚ್ಚುಕಡಿಮೆ ಆಗುತ್ತಿದ್ದು, ಆಮೇಲೆ ನೆಲೆಗೊಳ್ಳುತ್ತದೆ ಎಂದರು. ಒಂಬತ್ತಕ್ಕೆ ಬಾಗಿಲು ಮುಚ್ಚಿತು ಎಂದು ಇದನ್ನು ಓದುವವರಿದ್ದಾರೆ. ಗಾರ್ಡನ್ ಹೇಳಿದ್ದು ಶಕ್ತಿ ನೆಲೆಗೊಳ್ಳುತ್ತದೆ ಎಂದು, ಕಲಿಕೆ ನಿಲ್ಲುತ್ತದೆ ಎಂದಲ್ಲ. ಸಂಗೀತ ಕಲಿತರೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರ ಸಿಕ್ಕಿಲ್ಲ. ಆ ಆಸೆಗೆ ಮಗುವನ್ನು ಕೂರಿಸುವುದು ಬೇಡ.

ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಎಂಬ ಹುಡುಗನನ್ನು ಈ ಪರೀಕ್ಷೆಗೆ ಕೂರಿಸಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಗ್ರಾಮಾಫೋನ್ ತಟ್ಟೆಯಲ್ಲಿ ಕೇಳಿದ ದೊಡ್ಡ ಗವಾಯಿಗಳ ಹಾಡನ್ನು ತಾನಿನ ಸುಳಿ, ಉಸಿರಿನ ತಿರುವು ಬಿಡದೆ ಅವನು ಹಾಗೆಯೇ ಒಪ್ಪಿಸುತ್ತಿದ್ದ. ಕುಮಾರ ಗಂಧರ್ವ ಎಂಬ ಬಿರುದು ಬಂದಾಗ ಅವನಿನ್ನೂ ಬಾಲಕ. ತಾನು ಹಾಡುತ್ತಿರುವುದು ಯಾವ ಸ್ವರ, ಯಾವ ಲೆಕ್ಕ ಎಂಬುದರ ಶಿಸ್ತಿನ ಪಾಠ ಸಿಕ್ಕಿದ್ದು ಆಮೇಲೆ, 1930ರ ದಶಕದ ನಡುವಿನಲ್ಲಿ ಮುಂಬಯಿಯ ಬಿ.ಆರ್. ದೇವಧರರ ಶಾಲೆ ಸೇರಿದಾಗ. ಕಿವಿಯಿಂದ ಕೊರಳಿಗೆ ಹೆದ್ದಾರಿ, ಕಿವಿಯಿಂದ ಮಾತಿಗೆ ಇನ್ನೂ ಕಾಲುದಾರಿ. ಹಾಳೆಯ ಮೇಲೆ ‘ಮೂರನೆಯ ಸ್ವರ’ ಎಂದು ಗುರುತು ಹಾಕಬೇಕಾದ ಪರೀಕ್ಷೆ ಆ ಹುಡುಗನಿಗೆ ಎಷ್ಟು ಅಂಕ ಕೊಡುತ್ತಿತ್ತೋ, ಅವನ ಸಂಗೀತದ ಬಗ್ಗೆ ನಮಗೆ ಏನನ್ನೂ ತಿಳಿಸುತ್ತಿರಲಿಲ್ಲ.

ತಂಗಿಗೆ ಕಡೆಗೆ ಹೇಳಿದ್ದು ಇಷ್ಟು. ಹಳೆಯ ಪ್ರಶ್ನೆಗಳ ರಾಶಿ ಹಾಕಿ ದಿನಾ ಬಿಡಿಸಬೇಡ. ಪರೀಕ್ಷೆಯ ಹಿಂದಿನ ವಾರ ಎರಡು ಸಲ, ಹಾಳೆ ಪೆನ್ಸಿಲ್ ಹಿಡಿದು, ಒಂದೇ ಸಲ ಕೇಳಿ ಗುರುತು ಹಾಕುವ ರೂಢಿ ಮಾಡಿಸು. ಒಂದು ತಪ್ಪಿದರೆ ಅಲ್ಲೇ ನಿಲ್ಲದೆ ಮುಂದಿನದಕ್ಕೆ ಹೋಗುವುದನ್ನು ಕಲಿಸು. ಉಳಿದ ದಿನ ಅವಳು ಹಾಡಲಿ. ಅಲ್ಲಿ ತಂಬೂರಿ ಇಲ್ಲವಲ್ಲ ಎಂದಳು.

ಹಾಗಾಗಿ ಅವರು ಹೊರಡುವ ಎರಡು ದಿನ ಮೊದಲು ಕಾಗವಾಡದಿಂದ ಬಸ್ಸು ಹಿಡಿದು ಮಿರಜಿಗೆ ಹೋದೆವು. ನೂರೈವತ್ತು ವರ್ಷಕ್ಕೂ ಮಿಗಿಲಾಗಿ ಅಲ್ಲಿನ ಕುಶಲಕರ್ಮಿಗಳ ಮನೆತನಗಳು ತಂಬೂರಿ, ಸಿತಾರ ಕಟ್ಟುತ್ತ ಬಂದಿವೆ. 2024ರಲ್ಲಿ ಎರಡಕ್ಕೂ ಭೌಗೋಳಿಕ ಗುರುತು ಸಿಕ್ಕಿತು. ಅಂಗಡಿಯ ತುಂಬ ಕುಂಬಳದಷ್ಟು ದೊಡ್ಡ ಒಣ ಬುರುಡೆಗಳು, ಅರಗಿನ ವಾಸನೆ. ವಯಸ್ಸಾದ ಕಾರಾಗೀರರು ಚಿಕ್ಕ ತಂಬೂರಿಯೊಂದನ್ನು ಮಡಿಲಿಗೆ ಎಳೆದುಕೊಂಡು, ತಂತಿಗಳನ್ನು ಹೊರುವ ಕುದುರೆಯ ಮೇಲೆ, ತಂತಿಯ ಕೆಳಗೆ ದಾರದ ಎಳೆ ತೂರಿಸಿದರು. ಈ ದಾರ ಕೂದಲೆಳೆಯಷ್ಟು ಸರಿದರೂ ತಂತಿ ಕುದುರೆಯನ್ನು ಮುಟ್ಟುವ ಬಗೆ ಬದಲಾಗುತ್ತದೆ, ಒಳಗಿನ ಸ್ವರಗಳೆಲ್ಲ ಹೊರಗೆ ಬರುತ್ತವೆ. ಅದಕ್ಕೆ ಜವಾರಿ ಅನ್ನುತ್ತಾರೆ. ನಮ್ಮ ಜವಾರಿ ಜೋಳದ ಜವಾರಿಗೂ ಇದಕ್ಕೂ ನಂಟಿದೆಯೋ ಇಲ್ಲವೋ ತಿಳಿಯದು, ಆದರೂ ಆ ಮಾತು ಕೇಳಿದಾಗಲೆಲ್ಲ ನನಗೆ ಊರಿನ ಹೊಲದ ನೆನಪಾಗುತ್ತದೆ.

ಅವರು ಮೀಟುತ್ತ ದಾರವನ್ನು ಸರಿಸುತ್ತ ಹೋದರು. ದನಿ ಮಂಕಾಗಿತ್ತು. ಇನ್ನಷ್ಟು ಸರಿಸಿದರು.

“ಈಗ,” ಎಂದಳು ತಂಗಿಯ ಮಗಳು.

ಕಾರಾಗೀರರ ಕೈ ನಿಂತಿತು. ತಲೆಯೆತ್ತಿ ಅವಳನ್ನು ನೋಡಿ, ಅದೇ ತಂತಿಯನ್ನು ಮತ್ತೊಮ್ಮೆ ಮೀಟಿದರು. ಅವಳು ಬಗ್ಗಿ ಬುರುಡೆಗೆ ಕಿವಿ ಹಚ್ಚಿದಳು. “ಮಾಮಾ, ಮ್ಯಾಲೆ ಸಣ್ಣಗ ಒಂದ ಗ ಕೇಳಾಕತ್ತೈತಿ,” ಎಂದು, ತಮ್ಮನ ಮಗನನ್ನು ಕರೆದು ಅವನ ಕಿವಿಗೂ ಜಾಗ ಮಾಡಿಕೊಟ್ಟಳು.